ಬಂದೂಕಿಲ್ಲದ ಹೀರೋ!

ಈ ವಾರ ಸಿನಿಮಾ ಮಾತು ಸ್ವಲ್ಪ ತಡವಾಗಿ ಬರುತ್ತೆ. ಬಂದೇ ಬರುತ್ತೆ, ಎದ್ದು ಹೋಗಬೇಡಿ! ಮೊದಲು ನನ್ನ ಮಾನ ಹೋದ ಕಥೆ ಕೇಳಿ.

ಕಳೆದ ಭಾನುವಾರ ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದೆ. ಎಲೆ ಅಡಿಕೆ ಹಾಕ್ಕೊಂಡು ಒರಗೋಣ ಅಂತಿದ್ದಾಗ ಅಣ್ಣನ ಮಗ ಬಂದ. ಪಿ.ಯು.ಸಿ. ಓದೋ ಹುಡುಗ. "ಬನ್ನಿ ಚಿಕ್ಕಪ್ಪ, ಒಂದು ಕೈ ನೋಡೇ ಬಿಡೋಣ" ಅಂತ ಕಂಪ್ಯೂಟರ್ ಮುಂದೆ ಕೂರಿಸಿದ. ಆಟದ ಹೆಸರು 'ಕಮಾಂಡ್ ಅಂಡ್ ಕಾಂಕರ್'. 1995ರಲ್ಲಿ ಅಮೆರಿಕದ ವೆಸ್ಟ್‌ವುಡ್ ಸ್ಟುಡಿಯೋಸ್‌ನವರು ತಯಾರಿಸಿದ್ದು. ನಮ್ಮ ಹಳೇ ಹಿಟ್ ಚಿತ್ರಗಳಿಗೆ ಹೊಸ ಬಣ್ಣ ಹಚ್ಚಿ ಮತ್ತೆ ತೆರೆಗೆ ತರ್ತಾರಲ್ಲ, ಹಾಗೇ 2020ರಲ್ಲಿ ಇದಕ್ಕೂ ಚಿತ್ರ, ಶಬ್ದ ಎಲ್ಲ ತಿದ್ದಿ ಮರುಬಿಡುಗಡೆ ಮಾಡಿದರು.

ಕಥೆ ಪಕ್ಕಾ ಸಿನಿಮಾ ಕಥೆ! ಇಟಲಿಯ ಟೈಬರ್ ನದಿ ಹತ್ತಿರ ಆಕಾಶದಿಂದ ಉಲ್ಕೆ ಬೀಳುತ್ತೆ. ಅಲ್ಲಿಂದ ಟೈಬೀರಿಯಂ ಅನ್ನೋ ಹರಳು ಬೆಳೆಯೋಕೆ ಶುರು. ಅಗೆದರೆ ದುಡ್ಡು, ಅದರ ಮೇಲೆ ನಡೆದರೆ ಸಾವು. ಅದಕ್ಕಾಗಿ ಎರಡು ಪಡೆಗಳ ನಡುವೆ ಜಗತ್ತೆಲ್ಲ ಯುದ್ಧ. ಒಂದು ಕಡೆ ಜಿ.ಡಿ.ಐ., ಇನ್ನೊಂದು ಕಡೆ ನಾಡ್ ಎಂಬ ಗುಪ್ತ ಪಂಗಡ. ನಾಡ್ ನಾಯಕನ ಹೆಸರು ಕೇನ್. ಬೋಳು ತಲೆ, ಕುರುಚಲು ಗಡ್ಡ, ಕೊರೆಯೋ ಕಣ್ಣು. ಆಟದ ನಡುನಡುವೆ ನಿಜವಾದ ನಟರನ್ನಿಟ್ಟು ತೆಗೆದ ಸೀನುಗಳು ಬರುತ್ತವೆ. ಕೇನ್ ಪಾತ್ರ ಮಾಡಿದ ಜೋ ಕುಕನ್ನೇ ಆ ಸೀನುಗಳನ್ನು ನಿರ್ದೇಶಿಸಿದ್ದು. ವಿಲನ್ನೇ ಡೈರೆಕ್ಟರು! ಹೇಗಿದೆ?

ನಾನೋ ಖಳನಾಯಕರ ಹಳೇ ಅಭಿಮಾನಿ. ಕೇನ್ ಪಕ್ಷ ಹಿಡಿದೆ. ದುಡ್ಡೆಲ್ಲ ಸುರಿದು ಎದುರುಗಡೆ ಎರಡು ಲೇಸರ್ ಗೋಪುರ ಎಬ್ಬಿಸಿದೆ. ಒಂದೊಂದಕ್ಕೆ 1500. ಹತ್ತಿರ ಬಂದ ಟ್ಯಾಂಕು ಭಸ್ಮ! ಪಕ್ಕದಲ್ಲಿ ಬಂದೂಕಿನ ಹುಡುಗರು ಸಾಲಾಗಿ ನಿಂತರು, ತಲೆಗೆ 100. ಪಟ್ಟಿಯಲ್ಲಿ 'ಇಂಜಿನಿಯರ್' ಅಂತ ಒಬ್ಬನಿದ್ದ. ಬೆಲೆ 500, ಕೈಯಲ್ಲಿ ಬಂದೂಕೂ ಇಲ್ಲ. "ಇವನ್ಯಾರೋ ಎಕ್ಸ್‌ಟ್ರಾ ಆಕ್ಟರು" ಅಂತ ನಕ್ಕು ಬಿಟ್ಟೆ.

ಅಲ್ಲೇ ನೋಡಿ ನಾನು ಕೆಟ್ಟಿದ್ದು.

ಹುಡುಗ ಮುಂಭಾಗಕ್ಕೆ ನಾಲ್ಕು ಟ್ಯಾಂಕು ಕಳಿಸಿ ಗಲಾಟೆ ಎಬ್ಬಿಸಿದ. ನಾನು ಡಿಶುಂ ಡಿಶುಂ ನೋಡ್ತಾ ಮೈಮರೆತೆ. ಹಿತ್ತಿಲ ಕಡೆಯಿಂದ ಒಂದು ಕವಚದ ಗಾಡಿ ಸದ್ದಿಲ್ಲದೆ ಒಳಗೆ ಬಂತು. ಅದರಲ್ಲಿ ಐದು ಜನ ಹಿಡಿಸ್ತಾರೆ. ಬಾಗಿಲು ತೆಗೆದರೆ ಐದೂ ಜನ ಇಂಜಿನಿಯರುಗಳೇ! ಒಬ್ಬ ನನ್ನ ಕರೆಂಟು ಕೇಂದ್ರಕ್ಕೆ ನುಗ್ಗಿದ, ಒಬ್ಬ ಸೈನಿಕರ ಬಿಡಾರಕ್ಕೆ, ಒಬ್ಬ ಎಲ್ಲ ಕಟ್ಟಡಗಳಿಗೂ ಮೂಲವಾದ ನಿರ್ಮಾಣ ಕೇಂದ್ರಕ್ಕೆ. ಗುಂಡಿಲ್ಲ, ಬಾಂಬಿಲ್ಲ. ಒಳಗೆ ಹೋದರು, ಕಟ್ಟಡ ಅವನ ಪಾಲಾಯ್ತು. ಕರೆಂಟು ಹೋದ ಕೂಡಲೇ ನನ್ನ ಲೇಸರ್ ಗೋಪುರಗಳು ಬೀದಿ ದೀಪದ ಕಂಬಗಳಾದವು. ಪೋಕರಿ ಸುಮ್ಮನಿದ್ದನೇ? ನನ್ನ ಬಿಡಾರವನ್ನೇ ಮಾರಿ ದುಡ್ಡು ಮಾಡಿದ. ಅದರೊಳಗಿಂದ ಹೊರಬಂದ ಸೈನಿಕರೂ ಅವನ ಕಡೆಗೇ!

"ಇದು ಮೋಸ ಕಣೋ" ಅಂದೆ.

"ಮೋಸ ಅಲ್ಲ ಚಿಕ್ಕಪ್ಪ. ನೀವು ಬಂದೂಕು ಇರೋರನ್ನ ಮಾತ್ರ ನೋಡ್ತಿದ್ರಿ" ಅಂದ.

ಮಾತು ಚುಚ್ಚಿತು. ಆದರೆ ನಿಜ.

ಮಿತ್ರರೇ, ಇವನು ಬಿ.ಇ. ಮುಗಿಸಿ ಕೆಲಸಕ್ಕೆ ಅಲೆಯೋ ಇಂಜಿನಿಯರ್ ಅಲ್ಲ. ಸೇನೆಯಲ್ಲಿ ಸ್ಯಾಪರ್ ಅಂತ ಕರೀತಾರಲ್ಲ, ಆ ಜಾತಿ. ಇಂಥ ಆಟಗಳನ್ನು ಒಂದೊಂದಾಗಿ ನೋಡಿದರೆ ಇವನ ಮಹಿಮೆ ತಿಳಿಯುತ್ತೆ. ಮಾರನೇ ವರ್ಷ, 1996ರಲ್ಲಿ, ಅದೇ ಕಂಪನಿಯ 'ರೆಡ್ ಅಲರ್ಟ್' ಬಂತು. ಅದರಲ್ಲಿ ಇವನಿಗೊಂದು ಲಗಾಮು ಹಾಕಿದರು. ಕಟ್ಟಡ ಚೆನ್ನಾಗಿ ಜಖಂ ಆಗಿದ್ದರೆ ಮಾತ್ರ ಇವನ ಕೈಗೆ ಸಿಗುತ್ತೆ. ಸಾಲದ್ದಕ್ಕೆ ಒಂದೇ ಹಾರಿಗೆ ಇವನನ್ನು ಮುಗಿಸೋ ಬೇಟೆ ನಾಯಿಗಳು ಬೇರೆ! 1998ರ 'ಸ್ಟಾರ್‌ಕ್ರಾಫ್ಟ್'ನಲ್ಲಿ ಮನುಷ್ಯರ ಪಡೆಗೆ ಎಸ್.ಸಿ.ವಿ. ಎಂಬ ಯಂತ್ರತೊಟ್ಟ ಕೂಲಿಗಾರನಿದ್ದಾನೆ. ಅದಿರು ಹೊರುವವನೂ ಅವನೇ, ಮನೆ ಕಟ್ಟುವವನೂ ಅವನೇ. ಅನ್ಯಲೋಕದ ಹುಳುಗಳು ಬಂಕರ್ ಮೇಲೆ ಬಿದ್ದಾಗ ಬೆಂಕಿಯ ನಡುವೆ ನಿಂತು ತೇಪೆ ಹಾಕುವವನೂ ಅವನೇ. ಇನ್ನು 1999ರ 'ಟೈಬೀರಿಯನ್ ಸನ್'. ಡಾರ್ತ್ ವೇಡರ್‌ಗೆ ಕಂಠ ಕೊಟ್ಟ ಜೇಮ್ಸ್ ಅರ್ಲ್ ಜೋನ್ಸ್, 'ಟರ್ಮಿನೇಟರ್' ಖ್ಯಾತಿಯ ಮೈಕೇಲ್ ಬೀನ್, ಇಬ್ಬರೂ ಅದರಲ್ಲಿ ನಟಿಸಿದ್ದಾರೆ. ಇಷ್ಟು ದೊಡ್ಡ ತಾರಾಗಣ ಇದ್ದರೇನು? ಸೇತುವೆ ಮುರಿದು ಬಿದ್ದಾಗ ಟ್ಯಾಂಕುಗಳೆಲ್ಲ ದಂಡೆಯಲ್ಲೇ ನಿಲ್ಲಬೇಕು. ಬರಿಗೈ ಇಂಜಿನಿಯರ್ ಬಂದು ಸರಿ ಮಾಡಿದರೇನೇ ದಾರಿ.

ಅಂದರೆ ಇವನು ಗೆಲ್ಲೋದು ಕೊಂದು ಅಲ್ಲ, ದಾರಿ ಮಾಡಿಕೊಟ್ಟು. ಇನ್ನೊಂದು ವಿಷಯ. ಇವನು ಒಬ್ಬಂಟಿ ಹೋದರೆ ಸತ್ತ ಅಂತಲೇ ಲೆಕ್ಕ. ನಾಲ್ಕು ಟ್ಯಾಂಕು ಅಲ್ಲಿ ಗುದ್ದಾಡಿದ್ದರಿಂದಲೇ ಆ ಗಾಡಿ ಇಲ್ಲಿ ಒಳಗೆ ಬಂತು. ಎಲ್ಲರೂ ಇವನಿಗಾಗಿ ಹೋರಾಡಬೇಕು, ಆಮೇಲೆ ಇವನು ಎಲ್ಲರಿಗಾಗಿ.

ಈಗ ಸಿನಿಮಾಕ್ಕೆ ಬಂದೆ, ಸಮಾಧಾನ! ಅವತ್ತು ರಾತ್ರಿ ನಿದ್ದೆ ಬರಲಿಲ್ಲ. 1998ರ 'ಸೇವಿಂಗ್ ಪ್ರೈವೇಟ್ ರಯಾನ್' ನೆನಪಾಯ್ತು. ಸ್ಪೀಲ್‌ಬರ್ಗ್ ಚಿತ್ರ. 1944ರಲ್ಲಿ ಫ್ರಾನ್ಸಿನ ಕಡಲ ತೀರದಲ್ಲಿ ಅಮೆರಿಕದ ಸೈನಿಕರು ಇಳೀತಾರೆ. ಎದುರಿಗೆ ಮುಳ್ಳುತಂತಿ, ಮೇಲಿಂದ ಗುಂಡಿನ ಮಳೆ. ಆಗ ಟಾಮ್ ಹ್ಯಾಂಕ್ಸ್ ಏನು ತರೋಕೆ ಕೂಗ್ತಾನೆ ಗೊತ್ತೇ? ಬೆಂಗಳೂರನ್ನ! ತಮಾಷೆ ಅಲ್ಲ ಸ್ವಾಮಿ. ಅದು 'ಬ್ಯಾಂಗಲೋರ್ ಟಾರ್ಪೆಡೋ'. ಉದ್ದನೆ ಕೊಳವೆಗಳಲ್ಲಿ ಸ್ಫೋಟಕ ತುಂಬಿ, ಒಂದಕ್ಕೊಂದು ಜೋಡಿಸಿ, ಮುಳ್ಳುತಂತಿಯ ಅಡಿಗೆ ದೂಡಿ ಸಿಡಿಸೋದು. ದಾರಿ ತೆರೆಯುತ್ತೆ. 1912ರಲ್ಲಿ ಇದನ್ನು ಕಂಡುಹಿಡಿದವನು ಮದ್ರಾಸ್ ಸ್ಯಾಪರ್ಸ್ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್, ನಮ್ಮ ಬೆಂಗಳೂರಿನಲ್ಲೇ. ಆ ಪಡೆಯ ಕೇಂದ್ರ ಇವತ್ತಿಗೂ ಹಲಸೂರು ಕೆರೆ ಪಕ್ಕದಲ್ಲಿದೆ. ಬಸ್ಸಿನಲ್ಲಿ ಎಷ್ಟು ಸಲ ಅದನ್ನು ದಾಟಿ ಹೋಗಿದ್ದೀವೋ!

ಆದರೆ ಆಟದಲ್ಲಿ ಒಂದು ದೊಡ್ಡ ಸುಳ್ಳಿದೆ. ಕಟ್ಟಡದೊಳಗೆ ಹೋದ ಇಂಜಿನಿಯರ್ ಮತ್ತೆ ಹೊರಗೆ ಬರೋದಿಲ್ಲ. ಕೆಲಸ ಆಯ್ತು, ಮಾಯ ಆದ. ಇನ್ನೊಬ್ಬ ಬೇಕೇ? ಇನ್ನೊಂದು 500 ಹಾಕಿ, ಬಂದು ನಿಲ್ತಾನೆ. ನಿಜವಾದ ರಣರಂಗದಲ್ಲಿ ಇನ್ನೊಬ್ಬ ಸಿಗೋದು ಹಾಗಲ್ಲ.

ಕಾರವಾರದ ಕಡೆಯ ಓದುಗರಿಗೆ ಈ ಹೆಸರು ಗೊತ್ತಿರುತ್ತೆ: ರಾಮ ರಾಘೋಬ ರಾಣೆ. 1918ರಲ್ಲಿ ಕಾರವಾರದ ಚೆಂಡಿಯಾದಲ್ಲಿ ಹುಟ್ಟಿದವರು. ಬಾಂಬೆ ಸ್ಯಾಪರ್ಸ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್. 1948ರ ಏಪ್ರಿಲ್‌ನಲ್ಲಿ ನಮ್ಮ ಸೇನೆ ನೌಶೇರಾದಿಂದ ರಜೌರಿ ಕಡೆಗೆ ಹೊರಟಿತ್ತು. ದಾರಿ ತುಂಬ ನೆಲಬಾಂಬು, ಅಡ್ಡ ಕೆಡವಿದ ಮರ, ಗುಡ್ಡದ ಮೇಲೆ ಶತ್ರು. ಟ್ಯಾಂಕುಗಳು ಹಿಂದೆ ಕಾಯ್ತಿದ್ದವು. ಮುಂದೆ ಹೋಗಿ ದಾರಿ ತೆರವು ಮಾಡೋ ಕೆಲಸ ರಾಣೆಯವರ ತಂಡದ್ದು. 8ನೇ ತಾರೀಖು ಕೆಲಸ ಶುರು ಮಾಡ್ತಿದ್ದ ಹಾಗೇ ಶತ್ರುವಿನ ಮಾರ್ಟರ್ ಗುಂಡು ಬಿದ್ದು ತಂಡದ ಇಬ್ಬರು ಸತ್ತರು. ಐವರಿಗೆ ಗಾಯ, ಆ ಐವರಲ್ಲಿ ರಾಣೆಯವರೂ ಒಬ್ಬರು. ಆಸ್ಪತ್ರೆಗೆ ಹೋದರೇ? ಇಲ್ಲ! ಮಷಿನ್‌ಗನ್ ಉಗುಳುತ್ತಿದ್ದಾಗ ಟ್ಯಾಂಕಿನ ಮರೆಯಲ್ಲೇ ತೆವಳಿ ನೆಲಬಾಂಬು ಕಿತ್ತರು. 11ರವರೆಗೂ ಹೀಗೇ. ಅವರು ತೆರೆದ ದಾರಿಯಲ್ಲಿ ಸಾಗಿದ ಸೇನೆ 12ರಂದು ರಜೌರಿ ಹಿಡಿಯಿತು. ರಾಣೆಯವರಿಗೆ ಪರಮವೀರ ಚಕ್ರ ಬಂತು. ಬದುಕಿದ್ದಾಗಲೇ ಅದನ್ನು ಪಡೆದ ಮೊದಲಿಗರಲ್ಲಿ ಅವರೂ ಒಬ್ಬರು. 1994ರಲ್ಲಿ ತೀರಿಕೊಂಡರು.

ಆ ಇಬ್ಬರು ಮಾತ್ರ ರಜೌರಿ ನೋಡಲೇ ಇಲ್ಲ. ಅವರಿಗೆ 'ಇನ್ನೊಂದು ಆಟ' ಅನ್ನೋದು ಇರಲಿಲ್ಲ.

ಥಿಯೇಟರಿನಲ್ಲಿ ಹೀರೋ ಎಂಟ್ರಿಗೆ ನಾವು ಸೀಟಿ ಹೊಡೀತೀವಿ, ಚಿಲ್ಲರೆ ಎರಚ್ತೀವಿ. ತಪ್ಪಿಲ್ಲ, ನಾನೂ ಹೊಡೀತೀನಿ. ಆದರೆ ಹೀರೋ ನಡೆದು ಬರೋ ದಾರಿಯನ್ನು ಮೊದಲು ಯಾರೋ ಒಬ್ಬ ತೆವಳಿಕೊಂಡು ಶುದ್ಧ ಮಾಡಿರ್ತಾನೆ. ಅವನಿಗೆ ಕ್ಲೋಸಪ್ ಇಲ್ಲ, ಪೋಸ್ಟರಿನಲ್ಲಿ ಮುಖ ಇಲ್ಲ. ಮುಂದಿನ ಸಲ ಅಂಥವನು ಪರದೆ ಮೇಲೆ ಕಂಡರೆ ಒಂದೇ ಒಂದು ಸೀಟಿ ಅವನಿಗೂ ಇರಲಿ. ಏನಂತೀರಿ?

ಮೊನ್ನೆ ಮತ್ತೆ ಅಣ್ಣನ ಮನೆಗೆ ಹೋಗಿ ಹುಡುಗನಿಗೆ ರಾಣೆಯವರ ಕಥೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಆಟಕ್ಕೆ ಕೂತೆವು. ಈ ಸಲ ನಾನೂ ಒಬ್ಬ ಇಂಜಿನಿಯರನ್ನು ತಗೊಂಡೆ, ಸುತ್ತ ಎಂಟು ಜನ ಬಂದೂಕಿನವರನ್ನಿಟ್ಟು ಮದುಮಗನ ಹಾಗೆ ಕರೆದೊಯ್ದೆ. ಅರ್ಧ ದಾರಿಯಲ್ಲೇ ಅವನ ಟ್ಯಾಂಕುಗಳು ಬಿದ್ದವು. ಎಂಟೂ ಜನ ಸತ್ತರು, ಇಂಜಿನಿಯರ್ ಮಾತ್ರ ಓಡಿ ಹೋಗಿ ಅವನ ಕರೆಂಟು ಕೇಂದ್ರ ಹಿಡಿದ!

ಆಟ ಆಮೇಲೆ ಸೋತೆ ಅನ್ನೋದು ಬೇರೆ ವಿಷಯ. ಆದರೆ ಹುಡುಗ ಎದ್ದು ಎರಡು ಬೆರಳು ಬಾಯಿಗಿಟ್ಟು ಒಂದು ಸೀಟಿ ಹೊಡೆದ ನೋಡಿ, ಅಡಿಗೆ ಮನೆಯಿಂದ ಅತ್ತಿಗೆ ಬೈಯುತ್ತಾ ಓಡಿ ಬಂದರು.

ಬರಲೇ? ಮುಂದಿನ ವಾರ ಸಿಗೋಣ.