ಬೇಕಾದದ್ದೇ ಕಂಡಾಗ ಎಚ್ಚರ!



ರಜೆಗೆ ಊರಿಗೆ ಹೋದಾಗ ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುವುದನ್ನು ನೀವು ನೋಡಿರಬಹುದು. ಕಲ್ಲು ಯಾವುದು, ಕಾಳು ಯಾವುದು ಎಂದು ಅವರ ಕಣ್ಣಿಗೆ ತಟ್ಟನೆ ತಿಳಿಯುತ್ತದೆ. ಇಂದಿನ ಜೀವವಿಜ್ಞಾನಿಗಳಿಗೂ ಇಂಥದೇ ಆರಿಸುವ ಕೆಲಸವೊಂದಿದೆ. ಆದರೆ ಅವರ ಮೊರದ ತುಂಬ ಮಬ್ಬು!

ಪ್ರೋಟೀನಿನ ದ್ರಾವಣವನ್ನು ತೆಳುವಾದ ಪದರ ಮಾಡಿ, ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಚಿತ್ರ ತೆಗೆಯುತ್ತಾರೆ. ಈ ವಿಧಾನವನ್ನು ಬೆಳೆಸಿದ ದ್ಯೂಬೋಶೆ, ಫ್ರಾಂಕ್ ಮತ್ತು ಹೆಂಡರ್ಸನ್ ಅವರಿಗೆ 2017ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಎಲೆಕ್ಟ್ರಾನುಗಳು ಹೆಚ್ಚಾದರೆ ಪ್ರೋಟೀನ್ ಕೆಡುತ್ತದೆ. ಹಾಗಾಗಿ ಕೆಲವೇ ಎಲೆಕ್ಟ್ರಾನುಗಳಲ್ಲಿ ಚಿತ್ರ ತೆಗೆಯಬೇಕು. ಅದು ಹಳೆಯ ಟಿ.ವಿ.ಯಲ್ಲಿ ಕಾರ್ಯಕ್ರಮ ಬಾರದಾಗ ಕಾಣುತ್ತಿದ್ದ ಚುಕ್ಕಿಗಳ ಹಾಗಿರುತ್ತದೆ.

ಆ ಚುಕ್ಕಿಗಳ ನಡುವೆ ಕಂಪ್ಯೂಟರ್ ಒಂದೊಂದು ಕಣದ ಜಾಗ ಗುರುತಿಸಿ, ಅದರ ಸುತ್ತ ಚೌಕ ಹಾಕಿ ಕತ್ತರಿಸಿಕೊಳ್ಳುತ್ತದೆ. ಚೌಕ ಸಾಮಾನ್ಯವಾಗಿ ಕಣದ ಒಂದೂವರೆ, ಎರಡು ಪಟ್ಟು ಅಗಲ. ಒಂದೇ ಮಗ್ಗುಲಿನ ಚೌಕಗಳನ್ನು ಸೇರಿಸಿ ಸರಾಸರಿ ತೆಗೆದರೆ ಮಬ್ಬು ಕರಗುತ್ತದೆ. 100 ಚೌಕ ಸೇರಿದರೆ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಹೀಗೆ ಎಷ್ಟೋ ಬಾರಿ ಲಕ್ಷಗಟ್ಟಲೆ ಚೌಕಗಳಿಂದ ಪ್ರೋಟೀನಿನ ಪೂರ್ಣ ರೂಪ ಕಟ್ಟುತ್ತಾರೆ.

ಅಪಾಯವಿರುವುದು ಆರಿಸುವಲ್ಲೇ. "ಇಂಥದ್ದನ್ನು ಹುಡುಕು" ಎಂದು ಮಾದರಿ ಕೊಟ್ಟರೆ, ಕಂಪ್ಯೂಟರ್ ಅದನ್ನು ಇಲ್ಲದ ಕಡೆಯೂ ಹುಡುಕಿ ತರುತ್ತದೆ! ಬರೀ ಚುಕ್ಕಿಗಳಿರುವ 1,000 ಚಿತ್ರಗಳನ್ನು ಐನ್‌ಸ್ಟೈನರ ಭಾವಚಿತ್ರಕ್ಕೆ ಹೊಂದಿಸಿ ಸರಾಸರಿ ತೆಗೆದರೆ ಐನ್‌ಸ್ಟೈನರ ಮುಖವೇ ಮೂಡುತ್ತದೆ. 2013ರಲ್ಲಿ ಎಚ್.ಐ.ವಿ. ವೈರಸ್ಸಿನ ಹೊರಮೈ ಪ್ರೋಟೀನಿನ ರೂಪವೊಂದು ಪ್ರಕಟವಾದಾಗ, ಅದಕ್ಕೆ ಆರಿಸಿದ್ದು ಕಣಗಳಲ್ಲ, ಇಂಥ ಚುಕ್ಕಿಗಳೇ ಎಂದು ಹೆಂಡರ್ಸನ್ ಆಕ್ಷೇಪಿಸಿದರು. ಲಸಿಕೆ ರೂಪಿಸುವವರು ನಂಬುವುದು ಇಂಥ ಚಿತ್ರಗಳನ್ನೇ ಅಲ್ಲವೇ?

ಉಪಾಯಗಳಿವೆ. ಮಾದರಿಯನ್ನು ಮಸುಕು ಮಾಡಿಯೇ ಕೊಡಬೇಕು. ಅದರಲ್ಲಿಲ್ಲದ ಸೂಕ್ಷ್ಮ ವಿವರಗಳು ಫಲಿತಾಂಶದಲ್ಲಿ ಮೂಡಿದರೆ ನಂಬಿಕೆ ಹೆಚ್ಚುತ್ತದೆ. ಕಣಗಳನ್ನು ಎರಡು ಪಾಲು ಮಾಡಿ, ಬೇರೆ ಬೇರೆಯಾಗಿ ರೂಪ ಕಟ್ಟಿ, ತಾಳೆ ನೋಡಬೇಕು.

ಇಂಥ ಸೂಕ್ಷ್ಮದರ್ಶಕ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಆವರಣದಲ್ಲೂ ಇದೆ. ನಾಳೆ ನಿಮ್ಮಲ್ಲೊಬ್ಬರು ಅದರ ಮುಂದೆ ಕುಳಿತು, ಬಯಸಿದ ಚಿತ್ರವೇ ಮೂಡಿತೆಂದು ಹಿಗ್ಗಬಹುದು. ಆಗ ಅಜ್ಜಿಯನ್ನು ನೆನೆಯಿರಿ. ಆರಿಸಿ ಮುಗಿದ ಅಕ್ಕಿಯಲ್ಲೂ ಅವರು ಇನ್ನೊಮ್ಮೆ ಕೈಯಾಡಿಸಿ ನೋಡುತ್ತಾರೆ.