ಗಿಡ ಕಡಿಯಾಕ ಎಷ್ಟ್ ತಗೋತೀರಿ?

ಕಳೆದ ಬೇಸಿಗೆಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಬಿ.ಕಾಂ. ಮುಗಿಸಿ ರಾಣೆಬೆನ್ನೂರಿನಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಎಫ್‌ಡಿಎ, ಪಿಡಿಒ, ಯಾವುದು ಕರೆದರೆ ಅದು. ಮೂರು ತಿಂಗಳ ಬಾಡಿಗೆ ಬಾಕಿಯಾದಾಗ ಮನೆಗೆ ಫೋನ್ ಮಾಡಲು ಧೈರ್ಯ ಬರಲಿಲ್ಲ. ನಮ್ಮೂರಿನ ಕಡೆಯವರೊಬ್ಬರು ಗಿಡ ಕಡಿಯುವ ಕೆಲಸ ಹಿಡಿಯುತ್ತಾರೆ. ಅವರನ್ನು ನಾನು ಕಾಕಾ ಅಂತಲೇ ಕರೆಯುವುದು. "ಹಗ್ಗ ಹಿಡಿಯಾಕ ಒಬ್ಬ ಬೇಕಾಗ್ಯಾನ, ಬರ್ತಿ ಏನ ತಮ್ಮಾ?" ಎಂದರು. ಹೋದೆ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಎಂದು ಊರೂರಿನ ಹಿತ್ತಲು ಸುತ್ತಿದೆ. ನಮ್ಮ ಕಡೆ ಎಷ್ಟೇ ದೊಡ್ಡ ಮರವಾದರೂ ಅದು ಗಿಡವೇ. ಹುಣಸಿ ಗಿಡ, ಬೇವಿನ ಗಿಡ.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಒಂದು ವಿಚಿತ್ರ ನೋಡಿದೆ. ಹಾವೇರಿಯಲ್ಲಿ ಒಂದು ಮನೆಯ ಹಿಂದೆ ಹಳೆಯ ಬೇವಿನ ಮರ. ಒಂದು ಕಡೆ ವಾಲಿತ್ತು, ಬುಡದಲ್ಲಿ ಪೊಟರೆ ಬಿದ್ದಿತ್ತು, ಬೇರು ನುಗ್ಗಿ ಕಾಂಪೌಂಡ್ ಗೋಡೆ ಬಿರುಕು ಬಿಟ್ಟಿತ್ತು. ಕಾಕಾ 9,000 ರೂಪಾಯಿ ಹೇಳಿದರು. ಮನೆಯವರು ನಕ್ಕರು. "ನಿನ್ನೆ ಒಬ್ಬ ಬಂದು, ನಾನ 1,500 ಕೊಡ್ತೇನಿ, ಗಿಡ ನನಗ ಬಿಡ್ರಿ ಅಂದಾನ. ನೀವ್ ನೋಡಿದ್ರ ನಮ್ಮ ಕಡೆನ 9,000 ಕೇಳ್ತೀರಿ!"

ಒಂದೇ ಮರ, ಒಂದೇ ಹಿತ್ತಲು. ಒಬ್ಬರು ದುಡ್ಡು ಕೇಳುತ್ತಾರೆ, ಇನ್ನೊಬ್ಬರು ದುಡ್ಡು ಕೊಡುತ್ತಾರೆ. ನಡುವೆ 10,500 ರೂಪಾಯಿ ಅಂತರ. ಬಿ.ಕಾಂ. ಓದಿದವನಿಗೆ ಇದು ತಲೆ ಕೆಡಿಸುವ ಲೆಕ್ಕ. ಅಂದು ಸಂಜೆ ಬಸ್ಸಿನಲ್ಲಿ ಕಾಕಾನಿಂದ ಇಡೀ ಲೆಕ್ಕ ಬರೆಸಿಕೊಂಡೆ.

ಹತ್ತುವವರು ಇಬ್ಬರು, ದಿನಕ್ಕೆ 900ರಂತೆ. ಕೆಳಗೆ ಹಗ್ಗ ಹಿಡಿಯುವವರು, ತುಂಡು ಹೊರುವವರು ಮೂವರು, ದಿನಕ್ಕೆ 600ರಂತೆ. ಎರಡು ದಿನದ ಕೆಲಸ, ಕೂಲಿಯೇ 7,200. ಟ್ರ್ಯಾಕ್ಟರ್ ಎರಡು ಟ್ರಿಪ್ಪಿಗೆ 1,600. ಮಷಿನ್ ಗರಗಸದ ಪೆಟ್ರೋಲು, ಎಣ್ಣೆ, ಚೈನು 700. ಕಾಕಾನ ಪಾಲು 1,500. ಒಟ್ಟು 11,000. ಕಟ್ಟಿಗೆ ಮಾರಿದರೆ 2,000 ಬರಬಹುದು, ಅದನ್ನು ಕಳೆದು 9,000. ಇದು ಆ ಒಂದು ಮರದ ಲೆಕ್ಕ ಮಾತ್ರ, ದರಪಟ್ಟಿ ಅಂತ ಯಾರೂ ತಿಳಿಯಬೇಡಿ.

ಹಾಗಾದರೆ 1,500 ಕೊಡುತ್ತೇನೆ ಎಂದವನ ಲೆಕ್ಕ? "ಅವ ಒಬ್ಬನ ಬರ್ತಾನ, ಇಲ್ಲಾ ಇಬ್ಬರು. ಅರ್ಧ ದಿನದಾಗ ಕೆಡವ್ತಾನ. ಕಟ್ಟಿಗಿ ಒಯ್ತಾನ, ಬೊಡ್ಡಿ ಬಿಡ್ತಾನ. ಗ್ವಾಡಿ ಬಿದ್ರ ಅದು ಅವಂದಲ್ಲ. ಫಾರೆಸ್ಟ್‌ನವ್ರು ಬಂದ್ರ ಅವ ಅಲ್ಲಿ ಇರಂಗಿಲ್ಲ" ಎಂದರು ಕಾಕಾ. ಮರ ಕಡಿಯುವ ವೆಚ್ಚವೆಂದರೆ ಮರದ ಬೆಲೆಯಲ್ಲ, ಅಪಾಯದ ಬೆಲೆ. ದರ ಕಡಿಮೆ ಎಂದರೆ ಅಪಾಯ ಕಡಿಮೆ ಆಯಿತು ಎಂದಲ್ಲ. ಅದನ್ನು ಬೇರೆ ಯಾರದೋ ತಲೆಯ ಮೇಲೆ ಹೊರಿಸಲಾಗಿದೆ ಎಂದರ್ಥ.

ಆಮೇಲೆ ಪ್ರತಿ ಮನೆಯಲ್ಲೂ ಇದೇ ಲೆಕ್ಕ ನೋಡತೊಡಗಿದೆ. ಬ್ಯಾಡಗಿಯಲ್ಲಿ ಒಂದು ಹಳೆಯ ಮನೆಯ ದೊಡ್ಡ ಅಂಗಳದಲ್ಲಿ ಹುಣಸೆ ಮರ ಒಣಗಿ ನಿಂತಿತ್ತು. ಹಾವೇರಿಯ ಬೇವಿಗಿಂತ ದಪ್ಪ. ಆದರೂ ಕಾಕಾ ಅದಕ್ಕೆ ಹೇಳಿದ್ದು ಕಡಿಮೆ ದರ. ಏಕೆಂದರೆ ಸುತ್ತ ಬಯಲು. ಕಟ್ಟಿ ಎಳೆದು ಒಂದೇ ಸಲ ಕೆಡವಬಹುದು, ಟ್ರ್ಯಾಕ್ಟರ್ ಬುಡದವರೆಗೂ ಬರುತ್ತದೆ. ಹುಣಸೆ ಕಟ್ಟಿಗೆ ಗಟ್ಟಿ, ಮಾಂಸದ ಅಂಗಡಿಯ ಕೊರಡಿಗೂ, ಗುದ್ದಲಿ ಕೊಡಲಿಯ ಕಾವಿಗೂ ಗಿರಾಕಿ ಇರುತ್ತಾರೆ. ಹಾವೇರಿಯ ಮರದ ಮೂರು ಕಡೆ ಮನೆಗಳು. ಅದನ್ನು ಮೇಲಿನಿಂದ ತುಂಡು ತುಂಡಾಗಿ ಕಡಿದು, ಹಗ್ಗದಲ್ಲಿ ಇಳಿಸಿ, ಮನೆಯ ಪಕ್ಕದ ಮೂರಡಿ ಸಂದಿಯಲ್ಲಿ ಹೊತ್ತು ರಸ್ತೆಗೆ ತರಬೇಕು. ಮರ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದು ಎಲ್ಲಿ ಬೀಳಬಲ್ಲದು ಅನ್ನುವುದೇ ದೊಡ್ಡ ಪ್ರಶ್ನೆ.

ಎರಡನೆಯದು ತೂಕ. ಹಸಿ ಕಟ್ಟಿಗೆ ಹೆಚ್ಚುಕಡಿಮೆ ನೀರಿನಷ್ಟೇ ಭಾರ. 40 ಸೆಂ.ಮೀ. ಅಡ್ಡಗಲದ ಕಾಂಡದಲ್ಲಿ ಒಂದು ಮೀಟರ್ ಉದ್ದದ ತುಂಡು ಕತ್ತರಿಸಿದರೆ ಅದು 100 ಕೆ.ಜಿ. ದಾಟುತ್ತದೆ, ಅಂದರೆ ಎರಡು ಸಿಮೆಂಟ್ ಚೀಲ. ಕಾಂಡ ಅದರ ಎರಡು ಪಟ್ಟು ದಪ್ಪವಿದ್ದರೆ ಅಷ್ಟೇ ಉದ್ದದ ತುಂಡು ನಾಲ್ಕು ಪಟ್ಟು ತೂಗುತ್ತದೆ. "ಆಚಿ ಮನಿ ಗಿಡಕ್ಕಿಂತ ಸ್ವಲ್ಪ ದಪ್ಪ ಐತಿ ಅಷ್ಟ" ಎಂದು ಮನೆಯವರು ಹೇಳುವಾಗ ಈ ಲೆಕ್ಕ ಅವರಿಗೆ ಹೊಳೆದಿರುವುದಿಲ್ಲ.

ಮೂರನೆಯದು ತಂತಿ. ರಾಣೆಬೆನ್ನೂರಿನಲ್ಲಿ ಒಂದು ತೆಂಗಿನ ಮರ ತೆಗೆದೆವು. ತೆಳ್ಳಗಿನ ಮರ, ಆದರೆ ಗರಿಗಳು ವಿದ್ಯುತ್ ತಂತಿಗೆ ತಾಗುತ್ತಿದ್ದವು. ಹೆಸ್ಕಾಂಗೆ ಹೇಳಿ ಲೈನ್ ಬಂದ್ ಮಾಡಿಸಿದ ಮೇಲೆಯೇ ಕೈ ಹಾಕಬೇಕು. ಆ ಹೊತ್ತಿಗಾಗಿ ಐದು ಜನ ಕಾದು ಕುಳಿತರೆ ಅದೂ ಕೂಲಿಯೇ. ತೆಂಗಿನ ಕಾಂಡ ಕೊಳ್ಳುವವರೂ ಕಡಿಮೆ. ಹಾಗಾಗಿ ಚಿಕ್ಕ ಮರಕ್ಕೆ ದೊಡ್ಡ ದರ.

ಒಣಗಿದ ಮರ ಕಡಿಯುವುದು ಸುಲಭ ಅಂತ ನಾನೂ ತಿಳಿದಿದ್ದೆ. ನಿಜವಾಗಿ ಅದೇ ಹೆಚ್ಚು ಕಷ್ಟ. ಹಸಿ ಕೊಂಬೆ ಬಾಗುತ್ತದೆ, ಒಣ ಕೊಂಬೆ ಹೇಳದೆ ಕೇಳದೆ ಮುರಿಯುತ್ತದೆ. ಅದರ ಮೇಲೆ ಕಾಲಿಡುವಂತಿಲ್ಲ. ಬ್ಯಾಡಗಿಯ ಹುಣಸೆಯನ್ನು ಹತ್ತದೆ ಕೆಡವಲು ಜಾಗ ಇತ್ತು, ಅದಕ್ಕೇ ಅದು ಅಗ್ಗವಾಯಿತು. ಇನ್ನು ಬೊಡ್ಡೆ ಮತ್ತು ಬೇರು. ಅದನ್ನು ಕಿತ್ತು ತೆಗೆಯುವುದು ಬೇರೆಯೇ ಕೆಲಸ. ಜೆಸಿಬಿ ಒಳಗೆ ಬರುವಂತಿದ್ದರೆ ಒಂದು ದರ, ಗುದ್ದಲಿಯಲ್ಲೇ ಅಗೆಯಬೇಕಾದರೆ ಇನ್ನೊಂದು. ಋತುವೂ ಇದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಂಗಾಮು ಜೋರಾಗಿದ್ದಾಗ ಕೂಲಿಯವರು ಮಾರುಕಟ್ಟೆ ಬಿಟ್ಟು ಬರುವುದಿಲ್ಲ. ಗಾಳಿ ಮಳೆ ಶುರುವಾದ ಮೇಲೆ ಎಲ್ಲರಿಗೂ ಒಟ್ಟಿಗೇ ತಮ್ಮ ಮನೆಯ ಮರದ ಭಯ ಹುಟ್ಟುತ್ತದೆ. ಆಗ ದರ ಏರುತ್ತದೆ.

ಕೊನೆಯದು ಅನುಮತಿ. "ನಮ್ಮ ಮನಿ ಗಿಡ, ಯಾರ್ ಕೇಳ್ತಾರ?" ಎನ್ನುವವರು ಬಹಳ. ಆದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ 8ನೇ ಕಲಂ ಪ್ರಕಾರ, ಸ್ವಂತ ಜಾಗದ ಮರವಾದರೂ ವೃಕ್ಷಾಧಿಕಾರಿಯ ಅನುಮತಿ ಮೊದಲೇ ಪಡೆಯಬೇಕು. ಕಡಿಯುವವರಷ್ಟೇ ಅಲ್ಲ, ಕಡಿಸುವವರೂ ಹೊಣೆ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವಕ್ಕೆ ವಿನಾಯಿತಿ ಇದೆ, ಬೇವು ಹುಣಸೆಗೆ ಇಲ್ಲ. ಮರ ಸತ್ತಿದ್ದರೆ, ರೋಗ ಹತ್ತಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯವಾಗಿದ್ದರೆ ಅನುಮತಿ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಕಡಿದ ಮೇಲೆ ಬದಲಿಗೆ ಗಿಡ ನೆಡಬೇಕೆಂದೂ ಹೇಳುತ್ತದೆ. ಹಾವೇರಿಯ ಆ ಮನೆಯ ಮಗಳು ಕಾಲೇಜು ಓದುತ್ತಾಳೆ. ಮರದ ಪೊಟರೆ, ಗೋಡೆಯ ಬಿರುಕು ಎಲ್ಲದರ ಫೋಟೊ ತೆಗೆದು, ಅರ್ಜಿ ಬರೆದು, ಅಪ್ಪನನ್ನು ಕರೆದುಕೊಂಡು ವಲಯ ಅರಣ್ಯ ಕಚೇರಿಗೆ ಹೋದಳು. ಅನುಮತಿ ಬಂದ ಮೇಲೆ ನಾವೇ ಎರಡು ದಿನ ಕೂತು ಆ ಮರ ಇಳಿಸಿದೆವು. ಗೋಡೆಯ ಒಂದು ಕಲ್ಲೂ ಅಲುಗಲಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಮೇ ತಿಂಗಳಲ್ಲಿ ಒಂದು ಮನೆಯ ಮಾವಿನ ಮರ ಒಪ್ಪಿಕೊಂಡೆವು. ಊರಿನ ಹೆಸರು ಬೇಡ. ತಗಡಿನ ಚಾವಣಿಯ ಮೇಲೆ ಕೊಂಬೆ ಬಾಗಿತ್ತು. ಕಾಕಾ 7,500 ಹೇಳಿದರು. ಮನೆಯ ಯಜಮಾನರು ನಿವೃತ್ತರು, ಮಾತಿನಲ್ಲಿ ಬಹಳ ಮೃದು. ಚಹಾ ಕೊಟ್ಟು ಕೂರಿಸಿಕೊಂಡು ಒಂದು ತಾಸು ಚೌಕಾಸಿ ಮಾಡಿ 5,500ಕ್ಕೆ ತಂದರು. ಅವತ್ತು ಬೇರೆ ಕೆಲಸ ಇರಲಿಲ್ಲ, ಕಾಕಾ ಒಪ್ಪಿದರು. 2,000 ಎಲ್ಲಿ ಕಡಿಮೆ ಮಾಡುವುದು? ಮರದ ಎತ್ತರ ಕಡಿಮೆಯಾಗುವುದಿಲ್ಲ, ಕೊಂಬೆಯ ತೂಕ ಇಳಿಯುವುದಿಲ್ಲ, ಪೆಟ್ರೋಲ್ ಬಂಕಿನವರು ಚೌಕಾಸಿಗೆ ಒಪ್ಪುವುದಿಲ್ಲ. ಕಡಿಮೆಯಾಗುವುದು ಆಳು. ಹತ್ತುವವರು ಒಬ್ಬರಾದರು, ಹಗ್ಗಕ್ಕೆ ನಾನೊಬ್ಬನೇ ಆದೆ.

ಹಗ್ಗವನ್ನು ಬುಡಕ್ಕೆ ಎರಡು ಮೂರು ಸುತ್ತು ಹಾಕಿ ಹಿಡಿದರೆ ಭಾರದ ಬಹುಪಾಲನ್ನು ಆ ಸುತ್ತೇ ತಡೆಯುತ್ತದೆ. ಒಬ್ಬರು ಸುತ್ತು ನೋಡಿಕೊಳ್ಳಬೇಕು, ಇನ್ನೊಬ್ಬರು ಹಿಂದಿನಿಂದ ಹಗ್ಗ ಬಿಡಬೇಕು. ಅವಸರದಲ್ಲಿ ನಾನು ಒಂದೇ ಸುತ್ತು ಹಾಕಿದ್ದೆ. ಕೊಂಬೆ ಕಡಿದು ಬಿದ್ದಾಗ ಹಗ್ಗ ನನ್ನ ಅಂಗೈ ಸುಲಿದುಕೊಂಡು ಓಡಿತು. ಕೊಂಬೆ ಜೋತು ತಿರುಗಿ ಮೇಲಿದ್ದ ಅಣ್ಣನ ಭುಜಕ್ಕೆ ಬಡಿಯಿತು. ಅವರ ಸೊಂಟದಲ್ಲಿ ಬೆಲ್ಟ್ ಇರಲಿಲ್ಲ. ಹತ್ತು ಹನ್ನೆರಡು ಅಡಿಯಿಂದ ಬಿದ್ದರು. ಬಲಗೈ ಮುರಿಯಿತು. ಯಜಮಾನರೇ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು, ಬರುವಾಗ 1,000 ರೂಪಾಯಿ ಕೈಗಿಟ್ಟರು. ಅವರು ಕೆಟ್ಟವರಲ್ಲ. ಆ ಅಣ್ಣ ಎರಡು ತಿಂಗಳು ಮನೆಯಲ್ಲಿ ಕೂತರು. ತಿಂಗಳಿಗೆ 15 ದಿನ ಕೆಲಸ ಸಿಗುತ್ತಿತ್ತು ಎಂದು ಹಿಡಿದರೂ 27,000 ರೂಪಾಯಿ ಹೋಯಿತು. ಉಳಿದದ್ದು 2,000. ಉಳಿದದ್ದು ಒಬ್ಬರಿಗೆ, ಹೋದದ್ದು ಇನ್ನೊಬ್ಬರಿಗೆ. ಹಗ್ಗ ಬಿಟ್ಟ ಕೈ ನನ್ನದು ಅನ್ನುವುದನ್ನು ಇವತ್ತಿಗೂ ಮರೆಯಲು ಆಗಿಲ್ಲ.

"ಕೇಳಿದಷ್ಟು ಕೊಟ್ಟುಬಿಡಿ ಅಂತೀಯಾ? ಪಿಂಚಣಿ ಮೇಲೆ ಬದುಕುವವರಿಗೆ 9,000 ಸಣ್ಣ ಮೊತ್ತವೇ?" ಎಂದು ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ: ಚೌಕಾಸಿ ಮಾಡಿ, ಆದರೆ ಆಳಿನ ಮೇಲೆ ಬೇಡ, ಕೆಲಸದ ಮೇಲೆ ಮಾಡಿ. ಬೊಡ್ಡೆ ತೆಗೆಯುವುದು ಬೇಡ ಎಂದರೆ ದುಡ್ಡು ಉಳಿಯುತ್ತದೆ. ಕಟ್ಟಿಗೆ ಪೂರ್ತಿ ಅವರಿಗೇ ಬಿಟ್ಟರೆ ಉಳಿಯುತ್ತದೆ. ಓಣಿಯಲ್ಲಿ ನಾಲ್ಕು ಮನೆಯವರು ಮಾತಾಡಿಕೊಂಡು ಒಂದೇ ದಿನ ಕೆಲಸ ಇಟ್ಟುಕೊಂಡರೆ ಟ್ರ್ಯಾಕ್ಟರ್, ಲೈನ್ ಬಂದ್, ಜನ ಎಲ್ಲವೂ ಹಂಚಿಹೋಗುತ್ತವೆ. ಮಳೆಗಾಲಕ್ಕೆ ಕಾಯದೆ ಮೊದಲೇ ಹೇಳಿದರೆ ಉಳಿಯುತ್ತದೆ. ಎಷ್ಟೋ ಮರಗಳಿಗೆ ಪೂರ್ತಿ ಕಡಿಯುವ ಅಗತ್ಯವೇ ಇರುವುದಿಲ್ಲ, ಮನೆ ಕಡೆ ಬಾಗಿದ ಕೊಂಬೆ ಇಳಿಸಿದರೆ ಸಾಕು. ಅದಕ್ಕೂ ಅರಣ್ಯ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ. ನಮ್ಮ ಜಿಲ್ಲೆಯ ಸವಣೂರಿನಲ್ಲಿ 2023ರ ಜುಲೈ ಮಳೆಗೆ ದೊಡ್ಡಹುಣಸೆ ಮರ ಬುಡಸಹಿತ ಉರುಳಿದಾಗ ಅದನ್ನು ಕಡಿದು ಸಾಗಿಸದೆ ಮತ್ತೆ ನೆಟ್ಟು ನಿಲ್ಲಿಸಿದರು. ಎಲ್ಲ ಮರಕ್ಕೂ ಆ ಭಾಗ್ಯ ಇರುವುದಿಲ್ಲ, ಆದರೆ ಕಡಿಯುವ ಮೊದಲು ಉಳಿಸುವ ದಾರಿ ಇದೆಯೇ ಎಂದು ಯೋಚಿಸಲು ಖರ್ಚಿಲ್ಲ.

ಇನ್ನು ನಮ್ಮ ಮಾತು. ಕೆಲಸ ಹುಡುಕುವ ನಾವು ಈ ಕೆಲಸವನ್ನು ಕೆಲಸ ಅಂತ ಎಣಿಸುವುದೇ ಇಲ್ಲ. ನಾಲ್ಕು ತಿಂಗಳು ನಾನೂ ರೂಮಿನ ಗೆಳೆಯರಿಗೆ "ಅಕೌಂಟ್ಸ್ ಬರಿಯಾಕ ಹೊಂಟೇನಿ" ಎಂದು ಸುಳ್ಳು ಹೇಳಿದೆ. ಬೇರೆ ದೇಶಗಳಲ್ಲಿ ಇದನ್ನೇ ಕಲಿತು, ಪರೀಕ್ಷೆ ಬರೆದು, ಆರ್ಬರಿಸ್ಟ್ ಎಂಬ ಹೆಸರಿನಲ್ಲಿ ಬದುಕುವವರಿದ್ದಾರೆ. ಅಷ್ಟು ದೂರ ಬೇಡ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ನಿರುದ್ಯೋಗಿ ಯುವಕ ಯುವತಿಯರಿಗೆ ಯಂತ್ರದ ಸಹಾಯದಿಂದ ತೆಂಗಿನ ಮರ ಹತ್ತುವ ತರಬೇತಿ ಕೊಡುತ್ತಿದೆ, ಹತ್ತುವವರಿಗೆ ವಿಮೆಯ ಯೋಜನೆಯನ್ನೂ ನಡೆಸುತ್ತಿದೆ. ತೆಂಗಿಗೆ ಆಗಿರುವುದು ಬೇವಿಗೆ, ಹುಣಸೆಗೆ, ಮಾವಿಗೆ ಏಕೆ ಆಗಬಾರದು? ನಮ್ಮ ಐಟಿಐಗಳಲ್ಲಿ, ಕೌಶಲ ತರಬೇತಿ ಕೇಂದ್ರಗಳಲ್ಲಿ ಹಗ್ಗ, ಬೆಲ್ಟ್, ಮಷಿನ್ ಗರಗಸ ಬಳಸುವ ಒಂದು ಸಣ್ಣ ಕೋರ್ಸ್ ಇಟ್ಟರೆ ನೂರಾರು ಹುಡುಗರ ಜೀವ ಉಳಿಯುತ್ತದೆ, ದುಡಿಮೆಗೂ ಮರ್ಯಾದೆ ಬರುತ್ತದೆ.

ಅಲ್ಲಿಯವರೆಗೆ ನಾವೇ ಮಾಡಬಹುದಾದ ಒಂದು ಕೆಲಸ ಇದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆ ಇರುವ ಯಾರು ಬೇಕಾದರೂ ಸೇರಬಹುದು. ಅಪಘಾತದಲ್ಲಿ ಸಾವು ಸಂಭವಿಸಿದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ, ಪೂರ್ಣ ಅಂಗವೈಕಲ್ಯವಾದರೆ ಸೇರಿದವರಿಗೇ 2 ಲಕ್ಷ. ನಮ್ಮ ಗುಂಪಿನ ಐವರಲ್ಲಿ ಯಾರೂ ಇದಕ್ಕೆ ಸೇರಿರಲಿಲ್ಲ. ಮುರಿದ ಕೈ ಕೂಡಿದರೆ ಇದರಿಂದ ಏನೂ ಬರುವುದಿಲ್ಲ, ನಿಜ. ಆದರೆ ಆ ಅಣ್ಣ ಅಂದು ತಲೆ ಕೆಳಗಾಗಿ ಬಿದ್ದಿದ್ದರೆ? ಅವರಿಗೆ ಇಬ್ಬರು ಮಕ್ಕಳು. ಫಾರ್ಮ್ ತುಂಬಿಸಲು ಓದಿದವನು ಒಬ್ಬ ಬೇಕಿತ್ತು. ನಾನೇ ಇದ್ದೆ, ಆದರೆ ಅಪಘಾತ ಆಗುವವರೆಗೆ ನನಗೆ ತೋಚಲಿಲ್ಲ. ಜೂನ್‌ನಲ್ಲಿ ಐವರದೂ ತುಂಬಿದೆ. ಕಾಕಾ ಎರಡು ಬೆಲ್ಟ್, ಎರಡು ಹೆಲ್ಮೆಟ್ ಕೊಂಡರು. ಈಗ ದರ ಹೇಳುವಾಗ ಅದನ್ನೂ ಸೇರಿಸಿಯೇ ಹೇಳುತ್ತಾರೆ. ಕೆಲವು ಕೆಲಸ ಕೈ ತಪ್ಪಿವೆ.

ನಾನು ಮತ್ತೆ ಪುಸ್ತಕಕ್ಕೆ ಮರಳಿದ್ದೇನೆ. ಅಂಗೈಯ ಕಲೆ ಇನ್ನೂ ಹೋಗಿಲ್ಲ. ಗೆಳೆಯರೇ, ನಿಮ್ಮ ಮನೆಯಲ್ಲೂ ಒಂದು ದಿನ ಮರ ಕಡಿಯುವವರು ಬರಬಹುದು. ದರ ಮಾತಾಡುವುದು ಅಪ್ಪ ಅವ್ವಂದಿರ ಕೆಲಸ ಎಂದು ಮೊಬೈಲ್ ಹಿಡಿದು ಒಳಗೆ ಕೂರಬೇಡಿ. ಹೊರಗೆ ಬನ್ನಿ. ಎಷ್ಟು ತಗೋತೀರಿ ಎಂದು ಕೇಳುವ ಮೊದಲು ಇಷ್ಟು ಕೇಳಿ: ಎಷ್ಟು ಮಂದಿ ಬರ್ತೀರಿ? ಹಗ್ಗಕ್ಕೆ ಇಬ್ಬರು ಇರ್ತಾರೇನು? ಮೇಲೆ ಹತ್ತುವವರಿಗೆ ಬೆಲ್ಟ್ ಐತೇನು?