ತುಂಡು ಹಿಡಿದು ನಿಲ್ಲುವವನ ಕಣ್ಣು

ಕಳೆದ ಬೇಸಿಗೆಯಲ್ಲಿ ಬೆಳಗಾವಿಗೆ ಹೋದವರು ಸದಾಶಿವನಗರದ ನೆಂಟರ ಮನೆಯಲ್ಲಿ ಉಳಿದಿದ್ದೆವು. ಎದುರು ಮನೆಯ ಗೇಟಿಗೆ ಬೆಸುಗೆ ನಡೆದಿತ್ತು. ಬೆಸೆಯುವವನ ಕೈಯಲ್ಲಿ ಕಪ್ಪು ಗಾಜಿನ ಹಲಗೆ ಇತ್ತು. ಸರಳನ್ನು ಒತ್ತಿ ಹಿಡಿದ ಹುಡುಗನಿಗೆ ಏನೂ ಇರಲಿಲ್ಲ. ಕಿಡಿ ಹೊತ್ತಿದಾಗಲೆಲ್ಲ ಮುಖ ಅತ್ತ ತಿರುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಉದ್ಯಮಬಾಗದ ಫೌಂಡ್ರಿ, ವರ್ಕ್‌ಶಾಪುಗಳಿರುವ ಊರು ಅದು, ಬೆಸುಗೆ ಬಲ್ಲವರಿಗೆ ಅಲ್ಲಿ ಬರವಿಲ್ಲ. ಅಲ್ಲೇ ಹೀಗಾದರೆ ಖಾನಾಪುರದ ಕಾಡಂಚಿನಲ್ಲಿ, ನಮ್ಮ ನಿಮ್ಮ ತೋಟಗಳಲ್ಲಿ ಹೇಗಿರಬೇಡ?

ದೂರುವ ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಒಮ್ಮೆ ಸ್ಪ್ರೇಯರಿನ ಸ್ಟ್ಯಾಂಡು ಮುರಿದು ಬಾಡಿಗೆ ಸೆಟ್ ಕರೆಸಿದ್ದೆವು. ಕಾಲು ಹಿಡಿದುಕೊಳ್ಳಲು ನಮ್ಮ ಆಳನ್ನೇ ನಿಲ್ಲಿಸಿದೆವು. ಸಂಜೆ ನಗುತ್ತಲೇ ಮನೆಗೆ ಹೋದ. ನಡುರಾತ್ರಿ, ಕಣ್ಣಿಗೆ ಮರಳು ಹೊಯ್ದಂತಾಗಿದೆ ಎಂದು ಹೆಂಡತಿಯ ಕೈ ಹಿಡಿದು ಬಂದು ಬಾಗಿಲು ತಟ್ಟಿದ.

ಈ ಕಾಯಿಲೆಯ ಮೋಸವೇ ಅದು. ಕಿಡಿಯ ಬೆಳಕಿನಲ್ಲಿರುವ ನೇರಳಾತೀತ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ನೋವು ಆರೇಳು ಗಂಟೆ ಕಳೆದ ಮೇಲೆ ಬರುತ್ತದೆ. ಆದ್ದರಿಂದ ಬೆಸುಗೆಗೂ ನೋವಿಗೂ ಸಂಬಂಧ ಹಚ್ಚುವವರೇ ಕಡಿಮೆ. ಕಣ್ಣು ಮುಚ್ಚಿಕೊಂಡರೆ ಸಾಕೆನ್ನುತ್ತಾರೆ, ಆದರೆ ಮುಚ್ಚುವ ಮೊದಲೇ ಬೆಳಕು ಒಳಹೊಕ್ಕಿರುತ್ತದೆ. ಬಿಸಿಲಿನ ಕನ್ನಡಕ ಇಲ್ಲಿ ಲೆಕ್ಕಕ್ಕಿಲ್ಲ. ಸಾಧಾರಣ ರಾಡಿನ ಬೆಸುಗೆಗೆ 10 ಅಥವಾ 11ನೇ ನಂಬರಿನ ಗಾಜು ಬೇಕು, ಹತ್ತಿರ ನಿಂತವನಿಗೂ ಬೇಕು. ಉರಿ ಬಂದರೆ ಉಜ್ಜದೆ, ತಣ್ಣನೆಯ ಬಟ್ಟೆ ಇಟ್ಟು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಮರಗಟ್ಟಿಸುವ ಹನಿಯನ್ನು ಅಂಗಡಿಯಿಂದ ತಂದು ಪದೇ ಪದೇ ಹಾಕಿಕೊಂಡರೆ ಗಾಯ ಮಾಯುವುದೇ ಇಲ್ಲ.

ಇನ್ನು ಕರೆಂಟಿನ ಮಾತು. ಬೋರ್ಡೋ ಸಿಂಪಡಣೆ ಹತ್ತಿರ ಬಂದಾಗಲೇ ನಮಗೆ ರಿಪೇರಿಯ ನೆನಪು, ಅಷ್ಟರಲ್ಲಿ ಮೊದಲ ಮಳೆ ಬಿದ್ದು ಅಂಗಳ ಹಸಿಯಾಗಿರುತ್ತದೆ. ಹೋಲ್ಡರಿನಲ್ಲಿ ಬೆಸುಗೆ ಹೊತ್ತದಿರುವಾಗ 60-80 ವೋಲ್ಟಿನಷ್ಟು ಇರುತ್ತದೆ. ಒಣ ಕೈಗೆ ಅದು ಚುರುಕ್ಕೆನ್ನಬಹುದು, ಬೆವರಿದ ಮೈಗೆ, ಒದ್ದೆ ನೆಲದ ಬರಿಗಾಲಿಗೆ ಜೀವ ತೆಗೆಯುವಷ್ಟಾಗಬಲ್ಲದು. ಮನೆಯ ಬೋರ್ಡಿಗೆ ಸೋರಿಕೆ ತಡೆಯುವ ಸ್ವಿಚ್ಚು ಹಾಕಿಸಿದ್ದೇವೆಂದು ಸಮಾಧಾನಪಡುವವರಿಗೆ ಒಂದು ಮಾತು: ಅದು ಸೆಟ್ಟಿಗೆ ಬರುವ ತಂತಿಯನ್ನು ಕಾಯುತ್ತದೆಯೇ ಹೊರತು, ಟ್ರಾನ್ಸ್‌ಫಾರ್ಮರಿನ ಆಚೆಯ ಹೋಲ್ಡರನ್ನಲ್ಲ. ಪಂಪಿನ ಮನೆಯಲ್ಲಿ ಮೀಟರು ಬಿಟ್ಟು ಕಂಬದ ತಂತಿಗೆ ಕೊಕ್ಕೆ ಎಸೆಯುವವರಿಗೆ ನಾವು ಹೇಳುವುದೇನೂ ಇಲ್ಲ, ಅಂಥವನನ್ನು ಅಂಗಳಕ್ಕೇ ಬಿಡಬಾರದು. ಒಣ ಹಲಗೆ, ರಬ್ಬರು ಚಪ್ಪಲಿಯಲ್ಲ ಬೂಟು, ಒಣ ಚರ್ಮದ ಕೈಚೀಲ, ಹತ್ತಿ ಅಂಗಿ. ಟೆರಿಲಿನ್ ಅಂಗಿಯ ಮೇಲೆ ಕಿಡಿ ಬಿದ್ದರೆ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಡ್ರಮ್ಮಿನ ವಿಷಯದಲ್ಲಿ ಮಾತ್ರ ಯಾರ ಮಾತಿಗೂ ಬಗ್ಗಬೇಡಿ. ಖಾಲಿಯಾದ ಡೀಸೆಲ್ ಡ್ರಮ್ಮಿಗೆ ಹಿಡಿಕೆ ಬೆಸೆಯಲು ಹೊರಟರೆ, ಒಳಗೆ ಉಳಿದ ಆವಿ ಸಿಡಿಯುತ್ತದೆ. ಔಷಧಿಯ ಡಬ್ಬಿಗಳದ್ದು ವಿಷದ ಹೊಗೆ. ಸತುವು ಲೇಪಿಸಿದ ಜಿ.ಐ. ಪೈಪನ್ನು ಬೆಸೆದರೆ ಬಿಳಿ ಹೊಗೆ ಏಳುತ್ತದೆ. ರಾತ್ರಿಗೆ ಚಳಿಜ್ವರ ಬರುತ್ತದೆ. ಮಲೇರಿಯವೆಂದು ಮಾತ್ರೆ ನುಂಗಿದವರನ್ನು ಕಂಡಿದ್ದೇವೆ! ಬೆಲ್ಲ ತಿಂದರೆ ಹೊಗೆ ಹೋಗುತ್ತದೆಂಬ ನಂಬಿಕೆ ಇದೆ. ಬೆಲ್ಲ ತಿನ್ನಿ, ಬೇಡವೆನ್ನುವುದಿಲ್ಲ, ಆದರೆ ಬಯಲಲ್ಲಿ, ಗಾಳಿಗೆ ಬೆನ್ನು ಕೊಡದೆ ಅಡ್ಡಲಾಗಿ ನಿಂತು ಕೆಲಸ ಮಾಡಿಸಿ.

ಬೆಸೆಯುವವನು ತನ್ನ ಸರಂಜಾಮು ತಾನು ತರುತ್ತಾನೆ. ಹಿಡಿದು ನಿಲ್ಲುವವನು ನಮ್ಮ ಆಳು, ಅವನಿಗೆ ಗಾಜು ಕೊಡಬೇಕಾದವರು ನಾವು. ಸಂಘದ ಮಳಿಗೆಯಲ್ಲಿ ಮೈಲುತುತ್ತ, ಸುಣ್ಣ, ದೋಟಿ ಎಲ್ಲ ಸಿಗುತ್ತದೆ. ಅದೇ ಕಪಾಟಿನಲ್ಲಿ ನಾಲ್ಕು ಮುಖಗವಚ, ನಾಲ್ಕು ಜೊತೆ ಕೈಚೀಲ ಇಟ್ಟು, ಕೇಳಿದ ಸದಸ್ಯರಿಗೆ ದಿನದ ಮಟ್ಟಿಗೆ ಕೊಟ್ಟು ವಾಪಸು ಪಡೆಯಲಿ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಮಾತನ್ನು ನಾವು ಎತ್ತಲಿದ್ದೇವೆ. ಖರ್ಚು ಹೆಚ್ಚಾಯಿತು ಎನ್ನುವವರು ಒಂದು ದೋಟಿಯ ಬೆಲೆ ಎಷ್ಟೆಂದು ಕೇಳಿಕೊಂಡು ಬರಲಿ.